ದೇವೀರಕ್ಕ ಗೆರೆ ದಾಟಿದ ಭಾನುವಾರ

ನಮ್ಮೂರು ಕಂಡ ಬಾಸ್ಕೆಟ್‌ಬಾಲ್ ಸೆಂಟರ್‌ಗಳಲ್ಲಿ ನನ್ನಂಥವಳು ಇನ್ನೊಬ್ಬಳಿಲ್ಲ ಎಂದು ಮೂವತ್ತು ವರ್ಷ ನಂಬಿಕೊಂಡಿದ್ದೆ. ಸುಮ್ಮನೆ ನಂಬಿದ್ದಲ್ಲ. ನಾನು ಆರಡಿ ಒಂದು ಅಂಗುಲ ಇದ್ದೇನೆ. ಸೆಂಟರ್‌ಗಳ ಜಾಗವಾದ ರಿಂಗಿನ ಕೆಳಗೆ ಕಾಲು ಅಗಲಿಸಿ ನಿಂತರೆ ಎದುರು ತಂಡದ ಹುಡುಗಿಯರು ನನ್ನನ್ನು ಸುತ್ತಿಬಳಸಿ ಹೋಗಬೇಕಾಗಿತ್ತು. ವಿದ್ಯುತ್ ಕಚೇರಿಯಲ್ಲಿ ಕೆಲಸ ಸಿಕ್ಕಿದ್ದು ಆಟದಿಂದ. ಗಂಡ ಸಿಕ್ಕಿದ್ದೂ ಆಟದಿಂದಲೇ. ಅವರು ರೆಫರಿಯಾಗಿದ್ದರು, ಒಂದು ಪಂದ್ಯದಲ್ಲಿ ನನಗೆ ನಾಲ್ಕು ಫೌಲ್ ಕೊಟ್ಟರು, ಜಗಳವಾಡಲು ಹೋದವಳು ಆರು ತಿಂಗಳಲ್ಲಿ ಮದುವೆಯಾದೆ. ನನ್ನ ಹೆಸರು ಜಯಶೀಲ. ಈಗ ಐವತ್ತಮೂರು. ಸಂಜೆ ಹೊತ್ತು ಊರಿನ ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ.

ನಮ್ಮೂರ ಅಂಕಣ ಸಂತೆಮಾಳದ ಹಿಂದೆ, ನೀರಿನ ಟ್ಯಾಂಕಿನ ಪಕ್ಕದಲ್ಲಿದೆ. ಅದರ ಬಿಳಿ ಗೆರೆ ದಾಟಿ ಒಳಗೆ ಕಾಲಿಟ್ಟವರ ಮೈಗೆ ಇಪ್ಪತ್ತಮೂರು ವರ್ಷವಾಗುತ್ತದೆ. ಹೊರಗೆ ಬಂದರೆ ಅವರವರ ವಯಸ್ಸು ಅವರವರಿಗೆ. ಇಪ್ಪತ್ತಮೂರು ತುಂಬದವರಿಗೆ ಏನೂ ಆಗುವುದಿಲ್ಲ. ಬುದ್ಧಿ, ನೆನಪು, ಉಟ್ಟ ಬಟ್ಟೆ ಇದ್ದ ಹಾಗೆಯೇ ಇರುತ್ತವೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಅಂಕಣ ವಯಸ್ಸಾದವರಿಗೆ ಮೀಸಲು. ಗೆರೆಯಾಚೆಯ ಕಲ್ಲುಬೆಂಚಿನ ಮೇಲೆ ಸಾಲಾಗಿ ಕನ್ನಡಕಗಳು, ಊರುಗೋಲುಗಳು, ಸ್ಟೀಲ್ ಲೋಟಗಳಲ್ಲಿ ಹಲ್ಲುಸೆಟ್ಟುಗಳು. ಲೋಟಗಳಿಗೆ ಹೆಸರು ಕೊರೆಸಿರುತ್ತಾರೆ, ಅದಲುಬದಲಾಗಿ ಒಮ್ಮೆ ದೊಡ್ಡ ರಂಪವಾಗಿತ್ತು. ಒಳಗೆ ಹೋದವರು ಸೂಜಿಗೆ ದಾರ ಪೋಣಿಸಿಕೊಳ್ಳುತ್ತಾರೆ, ಔಷಧಿ ಚೀಟಿಯ ಸಣ್ಣ ಅಕ್ಷರ ಓದಿಕೊಳ್ಳುತ್ತಾರೆ, ಕಬ್ಬು ಸಿಗಿದು ತಿನ್ನುತ್ತಾರೆ. ಹೆಂಗಸರು ಮೊಣಕಾಲುದ್ದದ ಕೂದಲನ್ನು ಒಬ್ಬರಿಗೊಬ್ಬರು ಬಾಚುತ್ತಾರೆ, ಗೆರೆ ದಾಟಿದೊಡನೆ ಆ ಜಡೆ ಉಳಿಯುವುದಿಲ್ಲವೆಂದು ಗೊತ್ತಿದ್ದೂ ಹೂ ಮುಡಿಸುತ್ತಾರೆ.

ಓಡುವುದು ಮಾತ್ರ ಕೂಡದು. ಒಳಗೆ ಮೈ ಎಷ್ಟು ದಣಿಯಿತೋ ಅಷ್ಟನ್ನೂ ಹೊರಗಿನ ಮೈ ಒಂದೇ ಸಲಕ್ಕೆ ಹೊರಬೇಕು. ನಿವೃತ್ತ ಅಂಚೆ ಮಾಸ್ತರರೊಬ್ಬರು ಖುಷಿ ತಡೆಯಲಾರದೆ ನಾಲ್ಕು ಸುತ್ತು ಓಡಿ, ನಗುನಗುತ್ತಾ ಗೆರೆ ದಾಟಿದವರು ಅಲ್ಲೇ ಕುಸಿದರು. ಎದ್ದು ಕೂತದ್ದು ತಿಂಗಳಾದ ಮೇಲೆ. ಅಂದಿನಿಂದ ನಲವತ್ತು ದಾಟಿದವರು ಒಳಗೆ ಕೂರಬಹುದು, ನಡೆಯಬಹುದು, ಅಷ್ಟೇ.

ಇಂಥ ಊರಿನಲ್ಲಿ ಹಳೆಯ ಆಟಗಾರರ ಮಾತು ಹಳೆಯದಾಗುವುದೇ ಇಲ್ಲ. ಅದರಲ್ಲೂ ಸೆಂಟರ್‌ಗಳ ಮಾತು. ಚೆಂಡು ನಡೆಸುವ ಗಾರ್ಡುಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ರಿಂಗಿನ ಕೆಳಗೆ ನಿಂತು ಗುದ್ದಾಡುವವಳ ಹೆಸರು ಮೊಮ್ಮಕ್ಕಳಿಗೂ ಗೊತ್ತಿರುತ್ತದೆ. ಅಂಕಣದ ಎದುರಿನ ಕಾಫಿ ಹೋಟೆಲಿನಲ್ಲಿ ಪುಟ್ಟಬಸವಯ್ಯ ಮೇಷ್ಟ್ರು ಎಂಬವರು ದಿನವೂ ಕೂರುತ್ತಾರೆ. ಎಂಬತ್ತು ವರ್ಷ, ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಐವತ್ತೈದು ವರ್ಷದಿಂದ ಊರಿನ ಪ್ರತಿ ಪಂದ್ಯದ ಸ್ಕೋರು ಬರೆದಿಟ್ಟವರು. ಸೆಂಟರ್‌ಗಳ ವಿಷಯದಲ್ಲಿ ಅವರ ಮಾತೇ ತೀರ್ಪು. ಅವರ ಪ್ರಕಾರ ಮೊದಲನೆಯವಳು ದೇವೀರಮ್ಮಣ್ಣಿ, ನಾವೆಲ್ಲ ದೇವೀರಕ್ಕ ಅನ್ನುವವರು. ಅವಳು ಎಗರಿದರೆ ಕೈ ರಿಂಗಿಗೆ ತಾಗಿ ಅದು ಅಲ್ಲಾಡುತ್ತಿತ್ತು, ಅದೂ ಬರಿಗಾಲಿನಲ್ಲಿ, ಮಣ್ಣಿನ ನೆಲದ ಮೇಲೆ. ಎರಡನೆಯವಳು ನಾನು. ಮೇಷ್ಟ್ರ ಈ ಎರಡನೆಯ ಸ್ಥಾನವನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಐದಡಿ ಹತ್ತಂಗುಲದ ಹೆಂಗಸು ರಿಂಗು ಮುಟ್ಟಿದಳೆಂಬುದು ಕಟ್ಟುಕತೆ ಎಂದೇ ನನ್ನ ಲೆಕ್ಕ.

ಮೂರನೆಯವಳು ಮೋನಿಷಾ. ನನ್ನ ಶಿಷ್ಯೆ, ಇಪ್ಪತ್ತೆರಡು ವರ್ಷ, ಸರಿಯಾಗಿ ಆರಡಿ. ಅವಳಪ್ಪ ಟೆಂಪೋ ಓಡಿಸುತ್ತಾನೆ. ಬೆಳಿಗ್ಗೆ ಜಿಮ್ಮಿನಲ್ಲಿ ಕಬ್ಬಿಣ ಎತ್ತಿ, ಆರು ಮೊಟ್ಟೆ ತಿಂದು, ಸಂಜೆ ಮೂರು ಗಂಟೆ ಆಡುವ ಹುಡುಗಿ. ಅವಳಿಗೊಂದು ಕಾಗದ ಬಂತು. ದೂರದ ನಗರದ ದೊಡ್ಡ ತಂಡವೊಂದು ಆಯ್ಕೆ ಪರೀಕ್ಷೆಗೆ ಕರೆದಿತ್ತು, ಆಯ್ಕೆಯಾದರೆ ಕೆಲಸವೂ ಉಂಟು. ಐದು ವಾರ ಟೈಮಿತ್ತು. ನಾನು ಪೇಡೆ ಹಂಚಲು ಹೊರಟಿದ್ದೆ. ಅವಳು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತು, "ನಾನು ಹೋಗಲ್ಲ ಮೇಡಂ" ಅಂದಳು.

"ಯಾಕೆ? ಕಾಲಿಗೇನಾಯ್ತು?"

"ಕಾಲಿಗೇನೂ ಆಗಿಲ್ಲ. ನಮ್ಮೂರಲ್ಲೇ ನಾನು ಮೂರನೇವ್ಳು. ದೇವೀರಮ್ಮಣ್ಣಿ ಅಜ್ಜಿ ಅವ್ರೆ, ನೀವಿದ್ದೀರ. ಇಲ್ಲೇ ಮೂರನೇವ್ಳಾದೋಳು ಅಲ್ಲೋಗಿ ಏನ್ ಮಾಡ್ಲಿ?"

"ಮೂರನೇವ್ಳು ಅಂತ ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರಲ್ಲ. ನಮ್ಮಪ್ಪಾನೂ ಹೇಳ್ತಾರೆ." ಚೆಂಡು ನೋಡುತ್ತಾ ಸೇರಿಸಿದಳು, "ನೀವೂ ಹೇಳ್ತೀರ."

ಹೌದು, ಹೇಳುತ್ತಿದ್ದೆ. ಅವಳನ್ನು ಗದರಿಸುವಾಗಲೆಲ್ಲ "ನನ್ನ ಕಾಲದಲ್ಲಿ" ಎಂದೇ ಶುರು ಮಾಡುತ್ತಿದ್ದೆ. ಅದು ಅವಳ ಮೈಗೆ ಇಷ್ಟು ಇಳಿದಿದೆ ಎಂದು ಗೊತ್ತಿರಲಿಲ್ಲ. ಆಮೇಲೆ ಗಮನಿಸಿದೆ. ರಿಬೌಂಡಿಗೆ, ಅಂದರೆ ಬೋರ್ಡಿಗೆ ಬಡಿದು ಮರಳುವ ಚೆಂಡಿಗೆ, ಎಗರುವ ಮುಂಚೆ ಅವಳ ಕಣ್ಣು ಒಂದು ಗಳಿಗೆ ಹೋಟೆಲಿನ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಚೆಂಡು ಬೇರೆಯವರ ಕೈಯಲ್ಲಿರುತ್ತಿತ್ತು.

ಮಾತಿನಿಂದ ಇದು ಬಗೆಹರಿಯುವುದಿಲ್ಲ ಅನ್ನಿಸಿತು. "ಶನಿವಾರ ಸಂಜೆ ನನ್ನ ಜೊತೆ ಆಡು" ಅಂದೆ. "ಇಬ್ಬರೇ. ಮೊದಲು ಹನ್ನೊಂದು ಪಾಯಿಂಟ್ ಮಾಡಿದವರು ಗೆದ್ದಂಗೆ."

"ನಿಮ್ಮ ಮಂಡಿ ಮೇಡಂ? ಆಮೇಲೆ?"

"ಆಮೇಲಿಂದು ನನಗಿರಲಿ."

ಅವಳಿಗೆ ಧೈರ್ಯ ತುಂಬಲು ಸೋತುಕೊಡುವ ಯೋಚನೆ ನನಗಿತ್ತು ಎಂದು ಯಾರೂ ತಿಳಿಯಬಾರದು. ಇಪ್ಪತ್ತಮೂರಕ್ಕೆ ನಾನು ಹೇಗಿದ್ದೆನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೆದ್ದು, ಹತ್ತಿರ ಬಂದಿದ್ದೀಯ ಮಗಳೇ ಎಂದು ಬೆನ್ನು ತಟ್ಟೋಣ ಅಂದುಕೊಂಡೇ ಗೆರೆ ದಾಟಿದೆ. ದಾಟಿದ ಕೂಡಲೇ ಸೊಂಟ ಹಗುರಾಯಿತು, ಮಂಡಿಯ ನೋವು ಯಾರೋ ಕೈಯಿಂದ ತೆಗೆದಿಟ್ಟ ಹಾಗೆ ಹೋಯಿತು. ಅವಳು ದಾಟಿದಳು, ಅವಳಿಗೇನೂ ಬದಲಾಗಲಿಲ್ಲ. ಮೊದಲ ಮೂರು ಪಾಯಿಂಟ್ ನನ್ನವು. ಭುಜ ಕೊಟ್ಟು ನೂಕಿ, ತಿರುಗಿ, ತಲೆಯ ಮೇಲಿಂದ ಒಂದೇ ಕೈಯಲ್ಲಿ ಹಾಕಿದೆ. ಹೋಟೆಲಿನಲ್ಲಿ ಚಪ್ಪಾಳೆ ಬಿತ್ತು.

ನಾಲ್ಕನೆಯದನ್ನು ಅವಳು ಬಡಿದು ಹಾಕಿದಳು. ಚೆಂಡು ನನ್ನ ಕೈಯಿಂದ ಹೊರಟು ಒಂದು ಗೇಣು ಹೋಗಿರಲಿಲ್ಲ. ಅಲ್ಲಿಂದ ಮುಂದೆ ನನಗೆ ಒಂದು ಸಂಗತಿ ತಿಳಿಯುತ್ತಾ ಹೋಯಿತು. ಅವಳು ನನಗಿಂತ ಮೇಲಕ್ಕೆ ಎಗರುತ್ತಿದ್ದಳು, ಅದನ್ನು ನಾನು ನಿರೀಕ್ಷಿಸಿದ್ದೆ. ಆದರೆ ನಾನು ಒಂದು ಸಲ ಎಗರಿ, ಇಳಿದು, ಕಾಲೂರಿ ಮತ್ತೆ ಮೈ ಕೂಡಿಸಿಕೊಳ್ಳುವಷ್ಟರಲ್ಲಿ ಅವಳು ಎರಡನೆಯ ಸಲ ಮೇಲಿರುತ್ತಿದ್ದಳು. ನಮ್ಮ ಕಾಲದಲ್ಲಿ ಹಾಗೆ ಎಗರುವವರನ್ನು ನಾನು ಕಂಡಿರಲಿಲ್ಲ. ಎದುರು ಸೆಂಟರ್‌ಗಳು ನನ್ನ ಹಾಗೆಯೇ ಕಂಬಗಳು. ನಿಂತು ಗೆದ್ದದ್ದನ್ನು ನಾನು ಹಾರಿ ಗೆದ್ದೆನೆಂದು ಎಣಿಸಿಕೊಂಡಿದ್ದೆ. ಹನ್ನೊಂದು ಆರಕ್ಕೆ ಸೋತೆ.

ಗೆರೆಯಾಚೆ ಗಂಡ ಕುರ್ಚಿ ಹಿಡಿದು ನಿಂತಿದ್ದರು. ಕಾಲು ಹೊರಗಿಟ್ಟದ್ದಷ್ಟೇ ನೆನಪು. ಎರಡು ಮಂಡಿಯೂ ಬೆಲ್ಲದಚ್ಚಿನ ಹಾಗೆ ಊದಿಕೊಂಡು ಹತ್ತು ದಿನ ಮಲಗಿದೆ. ಮೊದಲ ಎರಡು ದಿನ ಮಂಡಿಗಿಂತ ಹೆಚ್ಚು ಉರಿದದ್ದು ಹೊಟ್ಟೆ. ಮೂರನೆಯ ದಿನ ಬಿಸಿನೀರಿನ ಚೀಲ ಹಿಡಿದು ಗಂಡ, "ಆ ಹುಡುಗಿಗೆ ಆಟ ಕಲಿಸಿದ್ದು ಯಾರು?" ಎಂದು ಸುಮ್ಮನೆ ಕೇಳಿದರು. ಆಗ ಸ್ವಲ್ಪ ತಣ್ಣಗಾದೆ.

ಇಷ್ಟಾದರೂ ಮೋನಿಷಾ ಹೊರಡುವ ಮಾತೆತ್ತಲಿಲ್ಲ. ಯಾಕೆಂದರೆ ಹೋಟೆಲಿನ ತೀರ್ಪು ರಾತ್ರೋರಾತ್ರಿ ಬದಲಾಗಿತ್ತು. ಕುಂಟುತ್ತಾ ಎದ್ದುಹೋದ ಮೊದಲ ದಿನ ಪುಟ್ಟಬಸವಯ್ಯ ಮೇಷ್ಟ್ರ ಬಾಯಿಂದಲೇ ಕೇಳಿಸಿಕೊಂಡೆ.

"ಜಯಶೀಲ ಸೋತಿದ್ದೇನು ದೊಡ್ಡ ವಿಷ್ಯ? ಅವಳು ಎತ್ತರ ಇದ್ಲು, ನಿಂತ್ಲು. ಎಗರ್ತಿದ್ದೋಳು ಅಂದ್ರೆ ದೇವೀರಿ. ದೇವೀರಿ ಒಳಕ್ಕೆ ಬಂದಿದ್ರೆ ಈ ಹುಡುಗಿ ಕೈಗೆ ಬಾಲೇ ಸಿಕ್ತಿರ್ಲಿಲ್ಲ."

ಮೂವತ್ತು ವರ್ಷ ನನ್ನನ್ನು ಹೊಗಳಿದ ಬಾಯಿ ಅದು. ನನಗೆ ನಗು ಬಂತು, ಸಿಟ್ಟೂ ಬಂತು. ನನ್ನ ಲೆಕ್ಕ ಹೇಗೂ ತೀರಿತ್ತು. ಆ ಹುಡುಗಿಯ ಲೆಕ್ಕ ತೀರಬೇಕಾದರೆ ದೇವೀರಕ್ಕನೇ ಬರಬೇಕಾಗಿತ್ತು. ಕೋಲೂರಿಕೊಂಡು ಅವರ ಮನೆಗೆ ಹೋದೆ.

ದೇವೀರಕ್ಕ ಎಂದೂ ಅಂಕಣದ ಹತ್ತಿರ ಸುಳಿದವರಲ್ಲ. ಅವರ ಓರಗೆಯ ಹೆಂಗಸರೆಲ್ಲ ಬೆಳಿಗ್ಗೆ ಬಂದು ಕೂದಲು ಬಾಚಿಸಿಕೊಂಡು ಹೋಗುತ್ತಿದ್ದರೂ ಇವರು ಬರುತ್ತಿರಲಿಲ್ಲ. ದೊಡ್ಡವರ ಜಂಬ ಎಂದು ಊರು ತಿಳಿದಿತ್ತು. ಆ ದಿನ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಎಪ್ಪತ್ತೆರಡು ವರ್ಷ. ಎತ್ತರ ಬಾಗಿಹೋಗಿತ್ತು, ಅಂಗೈ ಮಾತ್ರ ಅಗಲವಾಗಿ ಮೊರದ ಹಾಗಿತ್ತು. ಪಕ್ಕದಲ್ಲಿ ಮಗಳು ವನಮಾಲ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬ್ಯಾಂಕಿನಲ್ಲಿ ಅಧಿಕಾರಿ. ನಾನು ವಿಷಯ ಹೇಳಿ ಮುಗಿಸುವ ಮುಂಚೆಯೇ ಅವಳು ಎದ್ದು ನಿಂತಳು.

"ಜಯಕ್ಕ, ನಿಮಗೆ ಬುದ್ಧಿ ನೆಟ್ಟಗಿದ್ಯಾ? ಅಮ್ಮ ಎರಡು ಹೊತ್ತೂ ಎದೆಗೆ ಮಾತ್ರೆ ನುಂಗ್ತಾರೆ. ನೀವು ಹತ್ತು ದಿನ ಮಲಗಿದ್ರಿ. ಇವರು ಏಳ್ತಾರಾ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ತಲೆ ತಗ್ಗಿಸಿದೆ. ದೇವೀರಕ್ಕ ಕಾಳಿನಿಂದ ಕಣ್ಣೆತ್ತದೆ, "ಅಲ್ಲಿ ನನ್ನ ಮೈ ಇಲ್ಲ ಕಣೆ ಜಯಿ" ಅಂದರು.

"ಹಂಗಂದ್ರೆ?"

"ಒಂದ್ಸಲ ಹೋಗಿ ನೋಡ್ದೆ. ಮಟಮಟ ಮಧ್ಯಾಹ್ನ, ಯಾರೂ ಇರ್ಲಿಲ್ಲ. ಹೋದೋಳು ಹಂಗೇ ಬಂದ್ಬುಟ್ಟೆ. ಇವ್ರೆಲ್ಲ ಹೇಳ್ತಾರಲ್ಲ, ಆ ದೇವೀರಿ ಅಲ್ಲಿಲ್ಲ. ಬುಟ್ಬುಡು."

ಏನೆಂದು ಅರ್ಥವಾಗಲಿಲ್ಲ, ಕೆದಕಲು ಮನಸ್ಸಾಗಲಿಲ್ಲ. ಏಳುವಾಗ ಅವರೇ ಕೇಳಿದರು, "ಆ ಹುಡ್ಗಿ ಏನಂತಾಳೆ?"

"ಮೂರನೇವ್ಳಾದೋಳು ಹೋಗಿ ಏನು ಮಾಡ್ಲಿ ಅಂತಾಳೆ. ಆಟಾನೇ ಬಿಡ್ತೀನಿ ಅಂತಾವ್ಳೆ ಈಗ."

ಅವರ ಬೆರಳು ನಿಂತಿತು. "ಒಳ್ಳೆ ಕತೆ ಆಯ್ತಲ್ಲ. ನಾನು ಬಾಲು ಮುಟ್ಟಿ ಐವತ್ತು ವರ್ಷ ಆಯ್ತು. ನನ್ನ ದೆಸೆಯಿಂದ ಒಬ್ಬಳು ಆಟ ಬುಡದಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ವನಮಾಲ ನನ್ನನ್ನು ಗೇಟಿನವರೆಗೆ ಬಿಟ್ಟು, ಗೇಟು ಹಾಕಿಕೊಂಡಳು.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹುಡುಗಿಯರಿಗೆ ಅಭ್ಯಾಸ ಮಾಡಿಸುತ್ತಿದ್ದೆ, ನನ್ನ ಬಲವಂತಕ್ಕೆ ಮೋನಿಷಾಳೂ ಬಂದಿದ್ದಳು. ಹೋಟೆಲಿನ ಮುಂದೆ ಒಂದು ಆಟೋ ನಿಂತಿತು. ಇಳಿದದ್ದು ದೇವೀರಕ್ಕ, ಒಬ್ಬರೇ. ನೂಲಿನ ಸೀರೆ, ಬರಿಗಾಲು. ಹೋಟೆಲಿನಲ್ಲಿ ಕಾಫಿ ಲೋಟಗಳು ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು. ಐದು ನಿಮಿಷದಲ್ಲಿ ಅಂಕಣದ ನಾಲ್ಕು ಬದಿಯೂ ಜನ. ಪುಟ್ಟಬಸವಯ್ಯ ಮೇಷ್ಟ್ರನ್ನು ಯಾರೋ ತೋಳು ಹಿಡಿದು ಕರೆತಂದು ಮುಂದೆ ಕೂರಿಸಿದರು. ಅವರ ಮುಖ ಹಬ್ಬದ ಹಾಗಾಗಿತ್ತು. ದೇವೀರಕ್ಕ ನನ್ನ ಹತ್ತಿರ ಬಂದು ಕನ್ನಡಕ ತೆಗೆದು ಕೈಗೆ ಕೊಟ್ಟರು.

"ವನಮಾಲಂಗೆ ಹೇಳಿದ್ದೀರಾ?" ಅಂದೆ.

"ಚೀಟಿ ಬರೆದಿಟ್ಟು ಬಂದೆ. ಎದ್ದು ಓದ್ಕತಾಳೆ."

ಗೆರೆ ದಾಟಿದರು. ಜನ ಕಾಯುತ್ತಿದ್ದದ್ದು ಕಂಚಿನ ಪ್ರತಿಮೆಯಂಥ ಹುಡುಗಿಯನ್ನು. ಒಳಗೆ ನಿಂತದ್ದು ಕೆನ್ನೆ ಒಳಕ್ಕೆ ಹೋದ, ಕಣ್ಣಡಿ ಕಪ್ಪಾದ, ಸೊರಗಿದ ಒಬ್ಬ ಬಾಣಂತಿ. ನೆತ್ತಿಯ ಮುಂದೆ ಕೂದಲು ಉದುರಿ ಬೋಳಾಗಿತ್ತು. ಹೊಟ್ಟೆ ಜೋತಿತ್ತು, ತೋಳುಗಳು ಕಡ್ಡಿ. ನಾವು ನೋಡುತ್ತಿರುವಂತೆಯೇ ರವಿಕೆಯ ಎದೆ ಒದ್ದೆಯಾಗತೊಡಗಿತು. ಹಾಲು. ಕೆಲವು ಗಂಡಸರು ಮುಖ ತಿರುಗಿಸಿದರು.

"ನೋಡ್ಕಳಿ" ಎಂದರು ದೇವೀರಕ್ಕ. ದನಿ ಎಳೆಯದಾಗಿತ್ತು. "ಇಪ್ಪತ್ಮೂರಕ್ಕೆ ನಾನು ಹಿಂಗಿದ್ದೆ. ವನಮಾಲ ಹುಟ್ಟಿ ಐದು ತಿಂಗಳು. ಮದ್ವೆಯಾದಾಗ ಇಪ್ಪತ್ತು, ಅವತ್ತಿಗೆ ಆಟ ಬುಟ್ಟೆ. ನೀವು ಹೇಳೋ ದೇವೀರಿಗೆ ಹತ್ತೊಂಬತ್ತು. ಅವಳು ಈ ಗೆರೆ ಒಳಕ್ಕೆ ಯಾವತ್ತೂ ಬರಾಕಿಲ್ಲ."

ಮುಗಿಯಿತು, ಇನ್ನು ಹೊರಗೆ ಬರುತ್ತಾರೆ ಅಂದುಕೊಂಡೆ. ಅವರು ಸೆರಗನ್ನು ಎದೆಯ ಸುತ್ತ ಎರಡು ಸುತ್ತು ಬಿಗಿದು, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದರು. "ಮೋನಿಷಾ ಯಾರವ್ವ? ಬಾ ಇಲ್ಲಿ. ಜಯಿ, ಬಾಲು ಬೋರ್ಡಿಗೆ ಹೊಡಿ. ಹತ್ತು ಸಲ. ಹಿಡ್ದೋರು ಹಿಡ್ಕಳದು."

ಮೋನಿಷಾ ಅಳುಮೋರೆ ಮಾಡಿದಳು. "ಬೇಡ ಅಜ್ಜಿ, ನಿಮ್ಮ ಮೈ..."

"ಅಜ್ಜಿ ಅಲ್ಲಾಚೆ ಅವ್ಳೆ. ಇಲ್ಲಿರೋಳು ನಿನ್ನ ಓರಗೆಯೋಳು. ಬಾ."

ನಾನು ಗೆರೆಯ ಹೊರಗಿನಿಂದಲೇ ಚೆಂಡು ಹೊಡೆದೆ. ಬೋರ್ಡಿಗೆ ಬಡಿದು ಹಿಂದಕ್ಕೆ ಬಂತು. ಮೋನಿಷಾ ಎಗರಲು ನೋಡುವಷ್ಟರಲ್ಲಿ ದೇವೀರಕ್ಕ ಒಂದೂವರೆ ಹೆಜ್ಜೆ ಇಟ್ಟು, ಅವಳಿಗೆ ಬೆನ್ನು ಕೊಟ್ಟು, ಸೊಂಟದಿಂದ ಅವಳನ್ನು ಹಿಂದೆಯೇ ತಡೆದು ನಿಂತಿದ್ದರು. ಚೆಂಡು ನೆಲದ ಹತ್ತಿರ ಇಳಿದು ಅವರ ಅಗಲವಾದ ಅಂಗೈಗೆ ತಾನಾಗಿ ಬಂತು. ಅವರು ನಾಲ್ಕು ಬೆರಳಿನಷ್ಟೂ ಎಗರಿರಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. ನಾಲ್ಕನೆಯದು ಮೋನಿಷಾಳಿಗೆ, ಐದನೆಯದು ಮತ್ತೆ ಅವರಿಗೆ. ಜನರಿಗೆ ಜೀವ ಬಂತು. ಮೇಷ್ಟ್ರು ಕೂತಲ್ಲೇ ತೊಡೆ ತಟ್ಟಿಕೊಂಡರು. ನಾನು ಬೇರೆ ಯೋಚನೆಯಲ್ಲಿದ್ದೆ. ಈ ಸೊರಗಿದ ಮೈ ಇಷ್ಟು ಮಾಡುವುದಾದರೆ ಹತ್ತೊಂಬತ್ತರ ಮೈ ಏನು ಮಾಡುತ್ತಿತ್ತೋ ಎಂದು ಮೊದಲ ಸಲ ಅನ್ನಿಸಿತು.

ದೇವೀರಕ್ಕ ಚೆಂಡನ್ನು ಸೊಂಟಕ್ಕಿಟ್ಟುಕೊಂಡು ಏದುಸಿರು ಬಿಡುತ್ತಾ ಅವಳ ಕಡೆ ತಿರುಗಿದರು.

"ಎಗರಾಕ್ ಮುಂಚೆ ಅತ್ತಗೆ ಯಾರ್ನ ನೋಡ್ತೀಯೆ?"

ಮೋನಿಷಾಳ ಕಣ್ಣು ಮತ್ತೆ ಮೇಷ್ಟ್ರು ಕೂತ ಕಡೆ ಹೋಯಿತು.

"ಅವ್ರು ಬಾಲು ಹಿಡ್ಕೊಡ್ತಾರಾ? ಬೋರ್ಡು ನೋಡು. ಬಾಲು ಬಡಿಯಾಕ್ ಮುಂಚೆನೇ ಎಲ್ಲಿಗೆ ಬತ್ತದೆ ಅಂತ ನೋಡು. ಅಷ್ಟೇ ನಂಗೊತ್ತಿರೋದು. ಉಳಿದಿದ್ದು ನಿನ್ನ ಕಾಲಲ್ಲೇ ಅದೆ."

ಆರನೆಯದನ್ನು ಮೋನಿಷಾ ಹಿಡಿದಳು. ಏಳು, ಎಂಟು. ಒಂಬತ್ತನೆಯದಕ್ಕೆ ದೇವೀರಕ್ಕ ಸರಿಯಾದ ಜಾಗದಲ್ಲೇ ಇದ್ದರು, ಸರಿಯಾಗಿ ಬೆನ್ನು ಕೊಟ್ಟಿದ್ದರು, ಪಾಠದಲ್ಲಿ ಹೇಳಿದ ಹಾಗೆ. ಮೋನಿಷಾ ಅವರನ್ನು ಮುಟ್ಟಲೂ ಇಲ್ಲ. ಹಿಂದಿನಿಂದ ನೆಟ್ಟಗೆ ಮೇಲೆ ಹೋದಳು. ಅವಳ ಎದೆ ದೇವೀರಕ್ಕನ ತಲೆಯ ಮಟ್ಟಕ್ಕೆ ಬಂತು, ಕೈ ಇನ್ನೂ ಮೇಲೆ ಹೋಗುತ್ತಲೇ ಇತ್ತು, ಚೆಂಡು ಇಳಿಯಲು ಶುರು ಮಾಡುವ ಮುಂಚೆಯೇ ಅದನ್ನು ತೆಗೆದುಕೊಂಡಳು. ಬೆರಳು ಕಬ್ಬಿಣಕ್ಕೆ ಬಡಿದು ರಿಂಗು ದಡದಡ ಅಂದಿತು. ಅವಳು ಇಳಿದ ಮೇಲೂ ಅದು ಅಲ್ಲಾಡುತ್ತಿತ್ತು.

ಹತ್ತನೆಯ ಚೆಂಡು ಹೊಡೆಯಲು ಹೋದ ನನ್ನನ್ನು ದೇವೀರಕ್ಕ ಕೈಯೆತ್ತಿ ತಡೆದರು. ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡುತ್ತಾ ನಕ್ಕರು. "ಮೇಷ್ಟ್ರೇ, ನೋಡಿದ್ರಾ?"

"ನೋಡ್ದೆ ಕಣವ್ವ" ಅಂದರು ಪುಟ್ಟಬಸವಯ್ಯ. "ನೀನೂ ಹಿಂಗೇ ಮುಟ್ತಿದ್ದೆ."

"ನಾನು ಬಲೆ ಮುಟ್ತಿದ್ದೆ ಮೇಷ್ಟ್ರೇ. ಬಲೆಯಿಂದ ರಿಂಗಿಗೆ ಹತ್ಸಿದ್ದು ನೀವು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ನಾಲ್ಕೂ ಬದಿಗೆ ಹಬ್ಬಿತು. ಮೇಷ್ಟ್ರು ನಗಲಿಲ್ಲ. "ಬಲೇನಾ?" ಎಂದು ಕೇಳಿದರು, ಮಗುವಿನ ಹಾಗೆ. "ನಂಗೆ ರಿಂಗು ಅಂತಲೇ ಕಂಡಿತ್ತಲ್ಲವ್ವ."

"ಕಂಡಿರ್ತದೆ ಬುಡಿ" ಅಂದರು ದೇವೀರಕ್ಕ ಮೆತ್ತಗೆ. ಆಮೇಲೆ ಮೋನಿಷಾಳ ಭುಜ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ನಮಗೆ ಮಣ್ಣು ನೆಲ, ಬರಿಗಾಲು, ಎರಡು ಹೊತ್ತು ಮುದ್ದೆ. ನಿಂಗೆ ಬೂಟು, ಮೊಟ್ಟೆ, ಕಬ್ಬಿಣ ಎತ್ತೋದು. ಅದೆಲ್ಲ ನಂಗೂ ಸಿಕ್ಕಿದ್ರೆ ಇನ್ನೊಂದು ನಾಕು ಬೆರಳು ಮೇಲಕ್ಕೆ ಹೋಗ್ತಿದ್ನೇನೋ. ಆದ್ರೂ ನಿನ್ನಷ್ಟಿಲ್ಲ. ಆವತ್ತು ಆ ಮೈಯೊಳಗೆ ಇದ್ದೋಳು ನಾನು. ನಂಗೊತ್ತಿರೋವಷ್ಟು ಇವ್ರಿಗೆ ಗೊತ್ತಾ?"

ಮೋನಿಷಾ ಅವರ ಕಾಲು ಮುಟ್ಟಲು ಬಗ್ಗಿದಳು. "ಬೆವರು ಕಣೆ, ಎದ್ದೇಳು" ಎಂದು ಅವಳನ್ನು ಎತ್ತಿದರು.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು ವನಮಾಲ ಬಂದಳು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಮಾತ್ರೆ, ಕಾಲಲ್ಲಿ ಒಂದೊಂದು ಜೊತೆಯ ಒಂದೊಂದು ಚಪ್ಪಲಿ. ಬೈಯಲು ಬಾಯಿ ತೆರೆದವಳು ಗೆರೆಯ ಹತ್ತಿರ ನಿಂತುಬಿಟ್ಟಳು. ನಲವತ್ತೊಂಬತ್ತು ವರ್ಷದ ಮಗಳ ಎದುರಿಗೆ ಇಪ್ಪತ್ತಮೂರರ ತಾಯಿ. ಒದ್ದೆಯಾದ ಸೆರಗನ್ನು ನೋಡಿದಳು. ಅದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಬ್ಬರು ಹುಡುಗಿಯರು ಎದುರುಬದುರು ನಿಂತರು, ಮಗಳು ತುಂಬಿದ ಕೆನ್ನೆಯವಳು, ತಾಯಿ ಬತ್ತಿದವಳು.

"ನಾನು ಹುಟ್ಟಿ ನಿನ್ನ ಹಿಂಗೆ ಮಾಡ್ಬಿಟ್ನಾ ಅಮ್ಮ?" ಅಂದಳು ವನಮಾಲ. ನಾನು ಗೆರೆಗೆ ಅಂಟಿಕೊಂಡೇ ನಿಂತಿದ್ದರಿಂದ ನನಗೆ ಕೇಳಿಸಿತು.

"ಮದ್ವೆಗೇ ಆಟ ಬುಟ್ಟಿದ್ದೆ ಅಂದ್ನಲ್ಲೇ. ನಿನ್ನ ದೆಸೆಯಿಂದ ಹೋಗಿದ್ದು ಒಂದಿಷ್ಟು ಕೂದ್ಲು." ದೇವೀರಕ್ಕ ಅವಳ ಗಲ್ಲ ಹಿಡಿದರು. "ಹೊರಗೆ ಹೋದೇಟಿಗೆ ಬೀಳ್ತೀನಿ. ನೀನು ಮೊದ್ಲು ಹೋಗಿ ಆಚೆ ನಿಂತ್ಕೊ. ಹಿಡ್ಕೊ."

ವನಮಾಲ ಹೋಗಿ ನಿಂತಳು. ನಾನು ಒಂದು ಕಡೆ, ಮೋನಿಷಾ ಒಂದು ಕಡೆ. ದೇವೀರಕ್ಕ ಹೊರಗೆ ಕಾಲಿಟ್ಟರು, ಮಗಳ ತೋಳಿನಲ್ಲಿ ಬಿದ್ದರು. ವನಮಾಲ ಕೈಯಲ್ಲೇ ಹಿಡಿದಿದ್ದ ಮಾತ್ರೆಯನ್ನು ಅವರ ನಾಲಿಗೆಯಡಿ ಇಟ್ಟಳು. ಮುಖ ಬೂದಿಯಾಗಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ, ಮನೆಯಲ್ಲಿ ಮೂರು ವಾರ. ಮೊದಲ ಎರಡು ದಿನ ನಾನು ಒಂದು ತುತ್ತು ಅನ್ನ ತಿನ್ನಲಿಲ್ಲ. ಅವರಿಗೆ ಏನಾದರೂ ಆಗಿದ್ದರೆ ಆ ಪಾಪ ನನ್ನದೇ. ವನಮಾಲ ನನ್ನ ಜೊತೆ ಮಾತಾಡಲಿಲ್ಲ, 'ಹೋಗಿ' ಎಂದೂ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ದೇವೀರಕ್ಕ ಕಣ್ಣು ಬಿಟ್ಟು, ಇಡ್ಲಿ ಜೊತೆಗೆ ಖಾರದ ಚಟ್ನಿ ಬೇಕು ಅಂದರು. ವನಮಾಲ ನನ್ನ ಕಡೆ ನೋಡದೆ, "ತಗೊಂಡ್ಬನ್ನಿ ಜಯಕ್ಕ" ಅಂದಳು. ಓಡಿದೆ ಅಂದರೆ ಸುಳ್ಳಾದೀತು, ನನ್ನ ಮಂಡಿಗೆ ಎಷ್ಟು ಸಾಧ್ಯವೋ ಅಷ್ಟು ಬೇಗ ಹೋದೆ.

ಮೋನಿಷಾ ಆ ಭಾನುವಾರದಿಂದ ಹದಿನಾರನೆಯ ದಿನ ಬಸ್ಸು ಹತ್ತಿದಳು. ನೆಟ್ಟಗೆ ಹತ್ತಿ ಕಿಟಕಿ ಪಕ್ಕ ಕೂತಳು. ನಾಲ್ಕು ದಿನದ ಮೇಲೆ ಮಧ್ಯಾಹ್ನ ಕಚೇರಿಗೆ ಫೋನು ಬಂತು.

"ಮೇಡಂ, ಇಲ್ಲಿ ನಂಗಿಂತ ಮೇಲೆ ಎಗರೋರು ಇಬ್ರು ಅವ್ರೆ."

"ಹೆದರಿಕೊಂಡ್ಯಾ?"

"ಇಲ್ಲ. ಅವ್ರು ಎಗರೋಕೆ ಜಾಗಾನೇ ಕೊಡ್ಲಿಲ್ಲ. ಬೆನ್ನು ಕೊಟ್ಟು ನಿಂತೆ." ನಗುತ್ತಿದ್ದಳು. "ಹನ್ನೊಂದು ರಿಬೌಂಡ್ ಮೇಡಂ. ತಗೊಂಡ್ರು ನನ್ನ."

ಕೌಂಟರಿನ ಮುಂದೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಣ್ಣು ಒರೆಸಿಕೊಂಡು, ಅರ್ಧ ದಿನ ರಜೆ ಬರೆದಿಟ್ಟು, ದೇವೀರಕ್ಕನ ಮನೆಗೆ ಹೋದೆ. ಅವರು ದಿಂಬಿಗೊರಗಿ ಕೂತಿದ್ದರು, ವನಮಾಲ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಸುದ್ದಿ ಹೇಳಿದೆ. ದೇವೀರಕ್ಕ ಇಡೀ ಕತೆಯನ್ನು ಎರಡು ಸಲ ಹೇಳಿಸಿದರು. ಆ ಎತ್ತರದ ಇಬ್ಬರು ಯಾವೂರಿನವರು, ನೆಲ ಮರದ್ದೋ ಸಿಮೆಂಟಿನದೋ ಎಂದೆಲ್ಲ ಕೇಳಿದರು.

"ಹನ್ನೊಂದಾ?" ಅಂದರು. "ಹನ್ನೊಂದು ಪರವಾಗಿಲ್ಲ. ನಾನು ಒಂದು ಮ್ಯಾಚಲ್ಲಿ ಹದಿನಾಕು ಹಿಡ್ದಿದ್ದೆ."

ವನಮಾಲ ಎಣ್ಣೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಇದು ನಿಜ ಕಣ್ರೆ" ಎಂದು ದೇವೀರಕ್ಕ ದಿಂಬಿನಿಂದ ಎದ್ದು ಕೂತರು. "ಬೇಕಾದ್ರೆ ಮೇಷ್ಟ್ರ ಪುಸ್ತಕ ತೆಗ್ಸಿ ನೋಡಿ."

ಆ ಪುಸ್ತಕ ಇದೆ. ಮೇಷ್ಟ್ರ ಮನೆಯ ಕಪಾಟಿನಲ್ಲಿ ಐವತ್ತೈದು ವರ್ಷದ್ದೂ ಕ್ರಮವಾಗಿ ಜೋಡಿಸಿಟ್ಟಿದೆ, ನಾನೇ ಕಂಡಿದ್ದೇನೆ. ಕೇಳಿದರೆ ಅವರು ಸಂತೋಷದಿಂದ ತೆಗೆದುಕೊಡುತ್ತಾರೆ. ನಾನು ಕೇಳಲು ಹೋಗಲಿಲ್ಲ. ಈಗ ಸಂಜೆ ಹೊತ್ತು ಹೊಸ ಹುಡುಗಿಯರಿಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿಸುವಾಗ, ಇದನ್ನು ಕಂಡುಕೊಂಡವಳು ಒಂದೇ ಪಂದ್ಯದಲ್ಲಿ ಹದಿನಾಲ್ಕು ಹಿಡಿದಿದ್ದಳು ಎಂದೇ ಹೇಳುತ್ತೇನೆ.